ಗುಡುಗಪ್ಪನ ಪಿಟೀಲು

ಆತನ ದನಿ ಎಷ್ಟು ದಪ್ಪವೆಂದರೆ ವಾದ್ಯವೃಂದದವರೆಲ್ಲ ಗುಡುಗಪ್ಪ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಆತ ಬಾಯಿ ತೆರೆದರೆ ಸಾಕು, ಗೋಡೆಯ ಮೇಲಿನ ಹಳೆಯ ಇಟಲಿ ಪಿಟೀಲಿನ ದಪ್ಪ ತಂತಿ ತಾನಾಗಿ ಗುಂಯ್ ಎನ್ನುತ್ತಿತ್ತು. “ನೋಡೇ, ನೀನು ಓಗೊಡದಿದ್ರೂ ಇದು ಓಗೊಡುತ್ತೆ” ಎಂದು ಹೆಂಡತಿಯನ್ನು ರೇಗಿಸುತ್ತಿದ್ದ.

ಆತ ತೀರಿಕೊಂಡ ಮೇಲೂ ಅದು ನಿಲ್ಲಲಿಲ್ಲ. ಮಧ್ಯಾಹ್ನ, ಕಿಟಕಿ ಮುಚ್ಚಿದ್ದಾಗ, ಬೀದಿಯಲ್ಲಿ ಒಂದು ಗಾಡಿಯೂ ಇಲ್ಲದಾಗ ಗುಂಯ್‌ಗುಟ್ಟುತ್ತಿತ್ತು. ಆಕೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಮೈಯೆಲ್ಲ ಕಿವಿಯಾಗಿ ನಿಲ್ಲುತ್ತಿದ್ದಳು. ತಂತಿಗಳಿಗೆ ಬಟ್ಟೆ ಸುತ್ತಿ ನೋಡಿದಳು. ಬಟ್ಟೆಯೊಳಗಿಂದಲೂ ಕೇಳಿಸಿತು. ಕಡೆಗೆ ಹಳೆ ವಾದ್ಯಗಳ ವ್ಯಾಪಾರಿಯನ್ನು ಕರೆಸಿದಳು.

ವ್ಯಾಪಾರಿ ಪಿಟೀಲನ್ನು ಬೆಳಕಿಗೆ ಹಿಡಿದು, “ತುಂಬಾ ಅಪರೂಪದ್ದು ಅಮ್ಮಾ. ಯಾರ‍್ಯಾರ ಕೈ ದಾಟಿ ಬಂತು ಅಂತ ಸ್ವಲ್ಪ ವಿಚಾರಿಸಿಡಿ, ನಾಳೆನೇ ತಗೊಂಡು ಹೋಗ್ತೀನಿ” ಎಂದ.

ಗಂಡನಿಗೆ ಅದನ್ನು ಮಾರಿದ್ದ ಗಡಿಯಾರ ರಿಪೇರಿಯ ಮುದುಕ ಇನ್ನೂ ಅಂಗಡಿಯಲ್ಲಿ ಕೂರುತ್ತಿದ್ದ. ಆಕೆ ಹೋಗಿ ಕೇಳಿದಾಗ ಕಣ್ಣಿನ ಭೂತಗನ್ನಡಿ ತೆಗೆದಿಟ್ಟ.

“ನಮ್ಮಮ್ಮಂದು ಅದು. ಅಮ್ಮನಿಗೆ ಕೊಟ್ಟೋರು ಒಬ್ಬ ಡಾಕ್ಟ್ರು. ಹೆಂಡತಿ ಹೋದ್ಮೇಲೆ ಮನೇಲಿ ಇಟ್ಕೊಳ್ಳೋಕಾಗ್ದೆ ಪುಕ್ಕಟೆ ಕೊಟ್ಬಿಟ್ರಂತೆ. ಅದಕ್ಕೂ ಹಿಂದಿನದು ಗೊತ್ತಿಲ್ಲ.”

“ನೀವ್ಯಾಕೆ ಮಾರಿದ್ರಿ?”

ಮುದುಕ ಭೂತಗನ್ನಡಿಯ ಗಾಜು ಒರೆಸಿದ. “ಅಮ್ಮ ಹಾಡ್ಕೋತಾ ಕೆಲಸ ಮಾಡೋಳು. ಹೋದ್ಮೇಲೂ ಸಣ್ಣ ತಂತಿ ಹಾಡ್ತಿತ್ತು. ತಡ್ಕೊಳ್ಳೋಕೆ ಆಗ್ಲಿಲ್ಲ. ನಿಮ್ಮನೇಲಿ ಯಾವ ತಂತಿ?”

“ದಪ್ಪದ್ದು.” ಆಕೆ ಮೇಜಿಗೆ ಕೈಯೂರಿದಳು. “ಇದನ್ನ ಮುಚ್ಚಿಟ್ಟು ನಮ್ಮೋರ ತಲೆಗೆ ಕಟ್ಟಿದ್ರಲ್ಲ.”

“ಎಲ್ಲಾ ಹೇಳಿದ್ದೆ ತಾಯಿ. ಅವರು ನಕ್ಕರು. ‘ನಂಗೂ ನಮ್ಮವಳಿಗೂ ವಯಸ್ಸಿನ ಅಂತರ ಬಹಳ. ಮುಂದೆ ಅವಳೊಬ್ಬಳೇ ಆಗ್ತಾಳೆ. ಹಾಗಿದ್ರೆ ಇದೇ ಬೇಕು’ ಅಂದ್ರು.”

ಮರುದಿನ ವ್ಯಾಪಾರಿ ಪೆಟ್ಟಿಗೆ ಸಮೇತ ಬಂದ. ಕೊಡುವುದಿಲ್ಲವೆಂದು ಬಾಗಿಲಲ್ಲೇ ಹೇಳಿ ಕಳಿಸಿದಳು. ತಂತಿಗಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಪಿಟೀಲಿನ ಎದುರು ಕುರ್ಚಿ ಎಳೆದುಕೊಂಡು ಕೂತಳು. “ರೀ” ಎಂದು ಕರೆದಳು. ಪಿಟೀಲು ತೆಪ್ಪಗಿತ್ತು. ಇಷ್ಟು ದಿನ ದನಿಗೆ ಹೆದರಿದವಳಿಗೆ ಈಗ ಆ ಮೌನವೇ ಎದೆ ಹಿಂಡತೊಡಗಿತು.

ಬೆಳಕು ಕುಂದುವ ಹೊತ್ತಿಗೆ ತಂತಿ ಮಿಡಿಯಿತು. ದಪ್ಪದ್ದಲ್ಲ, ಸಣ್ಣದು. ಯಾರೋ ಒಳಗೆಲ್ಲೋ ಕೆಲಸ ಮಾಡುತ್ತ ಗುನುಗಿಕೊಂಡಂತೆ.

ಆಕೆ ಕುರ್ಚಿಯ ಅಂಚು ಹಿಡಿದುಕೊಂಡಳು. ಆದರೂ ಏಳಲಿಲ್ಲ, ದೀಪವನ್ನೂ ಹಾಕಲಿಲ್ಲ.

“ಇರಿ ಅಮ್ಮಾ,” ಎಂದಳು ಮೆಲ್ಲಗೆ. “ಅವರೂ ಬರಲಿ.”