ಕೇಳ್ತಿದೀಯೋ, ಹೇಳ್ತಿದೀಯೋ?

ಎಮಟಕ್ಕ ದಾರಿಯ ನಟ್ಟನಡುವೆಯೇ ನಡೆಯುತ್ತಾಳೆ. ಎದುರಿಗೆ ಜಮೀನಿನ ಒಡೆಯರ ಕುದುರೆ ಬರಲಿ, ಪಾದ್ರಿಗಳ ಹೇಸರಗತ್ತೆ ಬರಲಿ, ಕುಡುಗೋಲನ್ನು ಹೆಗಲಿಗೇರಿಸಿ, ಮೊಲದ ತುಪ್ಪಳದ ಕೊರಳಪಟ್ಟಿಯ ನೀಲಿ ನಿಲುವಂಗಿಯನ್ನು ಬೀಸುತ್ತ ಅವಳು ಬರುವ ಠೀವಿಗೆ ಕುದುರೆಯೇ ಪಕ್ಕಕ್ಕೆ ಸರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ನಿಲುವಂಗಿ ಪೇಟೆಯ ಉಣ್ಣೆ ವ್ಯಾಪಾರಿಯ ಹೆಂಡತಿಯದು. ಮಹಾಮಾರಿ ಬಡಿದಾಗ ಗಂಡ ಮಕ್ಕಳೆಲ್ಲ ಬಿಟ್ಟೋಡಿದ ಆ ಹೆಂಗಸಿಗೆ ಕೊನೆಯ ಗುಟುಕು ನೀರು ಕೊಟ್ಟವಳು ಎಮಟಕ್ಕ. ಅದಕ್ಕೆ ಆಕೆ ಬಿಚ್ಚಿ ಕೊಟ್ಟು ಹೋದದ್ದು.

"ಸತ್ತೋರ ಬಟ್ಟೆ ಅಕ್ಕಾ, ಹೆದ್ರಿಕೆ ಆಗಲ್ವಾ?" ಎಂದರೆ, "ಬದುಕಿರೋರ ಬಾಯಿಗೇ ಹೆದರಿಲ್ಲ, ಹೋಗೇ" ಎನ್ನುತ್ತಾಳೆ.

ಅವಳ ನಾಲಿಗೆಗೆ ಅಂಟಿದ ಮಾತು ಒಂದೇ. ಯಾರು ಏನೆಂದರೂ ಹುಬ್ಬೇರಿಸಿ, "ಕೇಳ್ತಿದೀಯೋ, ಹೇಳ್ತಿದೀಯೋ?" ಗಂಡ ಬದುಕಿದ್ದಾಗ ಅವನಿಗೂ ಇದೇ ಪ್ರಶ್ನೆಯಂತೆ, ಪಾಪ, ಚಿಟಿಕೆ ಉಪ್ಪು ಬೇಕಾದರೂ ಯೋಚಿಸಿ ಬಾಯಿ ತೆರೆಯುತ್ತಿದ್ದನಂತೆ.

ಸುಗ್ಗಿಯಲ್ಲಿ ನಮ್ಮ ಪೈರು ಬಿಟ್ಟು ಮೊದಲು ಒಡೆಯರ ಗೋಧಿ ಕೊಯ್ದುಕೊಡಬೇಕು. ಅದರ ಹೆಸರು 'ಬೇಡಿಕೆ ಕೊಯ್ಲು'. ಅಂದರೆ ಒಡೆಯರು ಬೇಡಿಕೊಳ್ಳುತ್ತಾರೆ, ನಾವು ಪ್ರೀತಿಯಿಂದ ಹೋಗುತ್ತೇವೆ. ಹೋಗದಿದ್ದರೆ ದಂಡ. ಎಂಥ ಪ್ರೀತಿಯಪ್ಪ! ಅಜ್ಜನ ಕಾಲದಿಂದ ಆ ಹೆಸರು ಹೇಳಿಕೊಂಡೇ ಬಂದೆವು, ಅರ್ಥ ಯಾರೂ ಕೇಳಲಿಲ್ಲ. ಮಾರಿಗೆ ಅರ್ಧ ಊರು ಮಣ್ಣಾಯಿತು. ಉಳಿದವರು ಸತ್ತವರ ಪಾಲಿನ ಕೆಲಸವನ್ನೂ ಮಾಡಬೇಕು, ಅದೇ ಒಣಕಲು ರೊಟ್ಟಿಗೆ, ಅದೇ ಹಳೇ ಕೂಲಿಗೆ. ಹೆಚ್ಚು ಕೂಲಿ ಕೇಳಿದವರ ಕಾಲಿಗೆ ಕೋಳ ಎಂದು ಅರಸರ ಹೊಸ ಕಟ್ಟಳೆಯನ್ನು ಪಾದ್ರಿಗಳು ಇಗರ್ಜಿಯಲ್ಲೇ ಓದಿ ಹೇಳಿದರು. ಹೆಣ ಹೂಳಲು ಅವರೇ ಎರಡರಷ್ಟು ಕಾಣಿಕೆ ಕೇಳಿದಾಗ ಈ ಕಟ್ಟಳೆ ಎಲ್ಲಿತ್ತೋ!

ಆ ಸುಗ್ಗಿಗೆ ಒಡೆಯರ ಪಾರುಪತ್ಯಗಾರ ರಾಲ್ಫ್ ಎಮಟಕ್ಕನ ಬಾಗಿಲು ಬಡಿದ. "ನಾಳೆ ಬೇಡಿಕೆ ಕೊಯ್ಲು. ಬರ್ಬೇಕು."

"ಕೇಳ್ತಿದೀಯೋ, ಹೇಳ್ತಿದೀಯೋ?"

"ಹೇಳ್ತಿದೀನಿ ಕಣೇ, ಕಿವಿ ಕೇಳ್ಸಲ್ವಾ?"

"ಹಂಗಾದ್ರೆ ಅದು ಬೇಡಿಕೆ ಹೆಂಗಾಯ್ತು ರಾಲ್ಫಣ್ಣ? ಬಿಸಿ ಮಾಂಸ ಹಾಕ್ತೀನಿ, ಕೂಲಿ ಎರಡರಷ್ಟು ಕೊಡ್ತೀನಿ, ಬಾರವ್ವಾ ಅಂತ ಬೇಡ್ಕೋ."

ಅವಳ ಕಾಲನ್ನು ಮರದ ಕೋಳಕ್ಕೆ ಸಿಕ್ಕಿಸಿ ಊರ ನಡುವೆ ಕೂರಿಸಿದರು. ನಾವು ಯಾರೂ ಹೊಲಕ್ಕೆ ಇಳಿಯಲಿಲ್ಲ. ಕರೆಯಲು ಬಂದರೆ ಮುದುಕಿಯರಿಂದ ಹಿಡಿದು ಎಲ್ಲರದೂ ಅದೇ ಮಾತು, "ಕೇಳ್ತಿದೀಯೋ?" ಗೋಧಿ ಬಲಿತು ಕಾಳು ಉದುರತೊಡಗಿತು, ಪಡುವಣದಲ್ಲಿ ಮೋಡ ಕವಿಯಿತು. ಕೊನೆಗೆ ರಾಲ್ಫ್ ಕೋಳದ ಮುಂದೆ ಬಂದು ನಿಂತು ಟೋಪಿ ತೆಗೆದ.

"ಎಮಟ್... ನೀ ಅಂದಂಗೇ ಆಗ್ಲಿ. ಬಂದು ಕೊಯ್ಕೊಡು."

ಅವಳು ಹುಬ್ಬೇರಿಸಿದಳು, ಅಷ್ಟೇ.

"ಕೇಳ್ತಿದೀನಿ ತಾಯಿ, ಕೇಳ್ತಿದೀನಿ!"

ಬಿಸಿ ಮಾಂಸ ಉಂಡೆವು, ಕೊಯ್ದೆವು. ಕಾಳು ಕಣಜ ಸೇರಿದ ಮೇಲೆ, ಹೆಚ್ಚು ಕೂಲಿ ಕೇಳಿ ಕಟ್ಟಳೆ ಮುರಿದದ್ದಕ್ಕೆ ದಂಡವೆಂದು ಅವಳ ನಿಲುವಂಗಿಯನ್ನು ಕಿತ್ತುಕೊಂಡರು. ಅದೇ ರಾಲ್ಫ್, ಟೋಪಿ ತೆಗೆದ ಅದೇ ಕೈ! ಈಗ ಅದು ಅವನ ಹೆಂಡತಿಯ ಮೈಮೇಲಿದೆ. ಎಮಟಕ್ಕ ಹರಕು ಕಂಬಳಿ ಹೊದ್ದು ದಾರಿಯ ನಡುವೆಯೇ ನಡೆಯುತ್ತಾಳೆ. ಕುದುರೆ ಇಂದಿಗೂ ಸರಿಯುತ್ತದೆ.

ಮಾರಿ ಬಂದು ಕೂಲಿಯವರಿಗೆ ಸೊಕ್ಕು ಬಂತು ಎನ್ನುತ್ತಾರೆ ದೊಡ್ಡವರು. ಇಂಥವರ ಬೆಲೆ ಮಾರಿಗೆ ಮೊದಲೂ ಇಷ್ಟೇ ಇತ್ತು, ನೋಡುವ ಕಣ್ಣು ಮಾತ್ರ ಇರಲಿಲ್ಲ. ಇವರ ಮೈಮೇಲಿನದನ್ನು ಕಿತ್ತುಕೊಳ್ಳಬಹುದು. ಆದರೆ ಇವರೆದುರು ಒಮ್ಮೆ ಟೋಪಿ ತೆಗೆದವನ ತಲೆ, ಆಮೇಲೆ ಅವನು ಎಷ್ಟು ಟೋಪಿ ಹಾಕಿದರೂ, ಬೋಳಾಗಿಯೇ ಕಾಣುತ್ತದೆ.