ಲೋಟದ ನೆರಳು

ಡೊಂಬಿವಲಿಯ ಕನ್ನಡ ಸಂಘದವರು ಬೇಸಿಗೆಯ ಭಾನುವಾರಗಳಲ್ಲಿ ಮಕ್ಕಳ ಶಿಬಿರ ನಡೆಸುತ್ತಾರೆ. ಅದರಲ್ಲಿ ಒಂದು ಗಂಟೆ ಲೋಲಾಕ್ಷಿಯದು. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಈ ಹೆಂಗಸಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಅಡುಗೆ ಸೋಡಾದಿಂದ ಬಲೂನು ಉಬ್ಬಿಸಿದಳು, ನಿಂಬೆಹಣ್ಣುಗಳಿಗೆ ತಂತಿ ಚುಚ್ಚಿ ಪುಟ್ಟ ದೀಪ ಉರಿಸಿದಳು, ಮಕ್ಕಳು ಅವಳ ಸೆರಗು ಬಿಡದಾದರು. ಆದರೆ ಸ್ಟೇಷನ್ ಬಳಿ ವೆಜ್ ಹೋಟೆಲು ನಡೆಸುವ ಅಧ್ಯಕ್ಷ ಪುಂಡರೀಕಾಕ್ಷರಿಗೆ ಸಮಾರೋಪದ ಡ್ಯಾನ್ಸೇ ದೊಡ್ಡದು. ಆ ಒಂದು ಗಂಟೆಯೂ ಪ್ರಾಕ್ಟೀಸಿಗೇ ಬೇಕೆಂದು ಹಠ ಹಿಡಿದರು.

"ಒಂದು ದಿನ ಮಧ್ಯಾಹ್ನ ನೆರಳೇ ಮಾಯ ಆಗ್ತದೆ. ಅದನ್ನು ನೋಡಿ ಆಮೇಲೆ ಹೇಳಿ," ಎಂದಳು ಲೋಲಾಕ್ಷಿ. ಆಗದಿದ್ದರೆ ತನ್ನ ಗಂಟೆ ಡ್ಯಾನ್ಸಿಗೆ ಎಂದು ಮಾತನ್ನೂ ಕೊಟ್ಟುಬಿಟ್ಟಳು. ಬೇಕಿತ್ತಾ ಅವಳಿಗೆ?

ದಿನ ಗೊತ್ತಾದದ್ದು ಉಡುಪಿಯ ತಂಗಿ ಜಯಶೀಲಳಿಂದ. ಏಪ್ರಿಲ್ ಇಪ್ಪತ್ತೈದು ಎಂದು ಅವಳು ಮನೆಯವರ ಗ್ರೂಪಿನಲ್ಲಿ ಹಾಕಿದ್ದಳು. ಬಿಸು ಹಬ್ಬದಿಂದ ಆಟಿ ಅಮಾವಾಸ್ಯೆಯವರೆಗೆ ಎಲ್ಲವನ್ನೂ ಊರಿನ ಕ್ಯಾಲೆಂಡರ್ ನೋಡಿಯೇ ಮಾಡುವ ಮನೆ ಅದು. ಸೂರ್ಯನಿಗೆ ಮಾತ್ರ ಬೇರೆ ದಿನ ಕೇಳಬೇಕೆಂದು ಯಾರಿಗೆ ಹೊಳೆಯುತ್ತದೆ? ವಿಜ್ಞಾನದ ಟೀಚರಿಗೂ ಹೊಳೆಯಲಿಲ್ಲ, ನೋಡಿ.

ಇಪ್ಪತ್ತೈದರ ಭಾನುವಾರ ಸಂಘದ ಟೆರೇಸಿನಲ್ಲಿ ಸ್ಟೀಲ್ ಲೋಟಗಳನ್ನು ಕವುಚಿ ಇಡಿಸಿದಳು. ಬಾಯಿ, ಬುಡ ಒಂದೇ ಅಗಲವಿದ್ದವನ್ನೇ ಪುಂಡರೀಕಾಕ್ಷರ ಹೋಟೆಲಿನಿಂದ ಆರಿಸಿ ತಂದದ್ದು. ಮಕ್ಕಳು ಸುಡುವ ಬಿಸಿಲಲ್ಲಿ ಲೋಟಗಳ ಸುತ್ತ ಕೂತರು. ನೆರಳು ಕುಗ್ಗಿತು, ಕುಗ್ಗಿತು, ಬೆರಳಗಲಕ್ಕೆ ಬಂದು ನಿಂತೇಬಿಟ್ಟಿತು. ಆಮೇಲೆ ಮೆಲ್ಲಗೆ ಆಚೆಗೆ ಹೊರಳತೊಡಗಿತು.

"ಅಜ್ಜೀ, ಯೇ ತೋ ಗಯಾ ಹೀ ನಹೀ," ನೆರಳು ಹೋಗಲೇ ಇಲ್ಲವಲ್ಲ ಎಂದಳು ಮೊಮ್ಮಗಳು ತೃಷಾ. ಕನ್ನಡ ಅರ್ಥವಾದರೂ ಅವಳು ಉತ್ತರ ಕೊಡುವುದು ಹಿಂದಿಯಲ್ಲೇ.

"ಎಂತ ಟೀಚರೇ, ನೆರಳು ಇವತ್ತು ರಜೆ ಹಾಕ್ಲಿಲ್ವಾ?" ಪುಂಡರೀಕಾಕ್ಷರು ನಕ್ಕರು. ಮಕ್ಕಳೂ ನಕ್ಕರು. ಲೋಲಾಕ್ಷಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸಂಜೆ ಜಯಶೀಲಳ ಫೋನು, ಪಕ್ಕದಲ್ಲೇ ತೃಷಾ. "ಅಕ್ಕಾ, ಇಲ್ಲಿ ಕಂಬದ ನೆರಳೇ ಇರ್ಲಿಲ್ಲ ಮಾರಾಯ್ತಿ."

ಲೋಲಾಕ್ಷಿ ಹಣೆ ಚಚ್ಚಿಕೊಂಡಳು. ತನ್ನ ಲೋಟದ ನೆರಳು ಬಿದ್ದದ್ದು ಬಡಗಕ್ಕೆ. ಅಂದರೆ ಸೂರ್ಯನಿದ್ದದ್ದು ತೆಂಕಣಕ್ಕೆ, ತಂಗಿಯ ತಲೆಯ ಮೇಲೆ. ಅವನು ದಿನಕ್ಕಿಷ್ಟು ಎಂದು ಬಡಗಕ್ಕೆ ಸರಿಯುತ್ತ ಬರಬೇಕಷ್ಟೆ. ನಾವು ಉಡುಪಿಯಲ್ಲಿ ಮಧ್ಯಾಹ್ನ ರೈಲು ಹತ್ತಿದರೆ ಬೆಳಗ್ಗೆ ಥಾಣೆಯಲ್ಲಿ ಇಳಿಯುವ ದಾರಿ, ಅವನಿಗೆ ಮೂರು ವಾರ. ಎಷ್ಟೋ ವರ್ಷ ಪಾಠ ಮಾಡಿದ ಸಂಗತಿ, ಈಗ ಮೈ ಜುಮ್ಮೆಂದಿತು.

"ಇನ್ನೂ ದಾರಿಯಲ್ಲಿದ್ದಾನೆ," ಎಂದಳು. ಊರಿಂದ ಹೊರಟ ಯಾರಿಗೇ ಆಗಲಿ ಹೇಳುವ ಮಾತನ್ನೇ ಜಯಶೀಲ ಹೇಳಿದಳು: "ಹಾಗಾದ್ರೆ ಮುಟ್ಟಿದ ಕೂಡ್ಲೇ ಫೋನ್ ಮಾಡು."

ಮರುದಿನ ಲೋಲಾಕ್ಷಿ ಹೋಟೆಲಿಗೇ ಹೋಗಿ ತಪ್ಪೊಪ್ಪಿಕೊಂಡಳು. "ನಾನು ಊರಿನ ದಿನ ಹಿಡಿದೆ. ಸೂರ್ಯ ಅಲ್ಲಿಂದ ಇಲ್ಲಿಗೆ ಬರಬೇಕಷ್ಟೆ. ನಮ್ಮದು ಮೇ ಹದಿನಾರು, ಸಮಾರೋಪದ ದಿನವೇ."

"ಗಂಟೆ ಡ್ಯಾನ್ಸಿಗೆ ಹೋಯ್ತು, ಮಾತು ಅಂದ್ರೆ ಮಾತು," ಎಂದರು ಪುಂಡರೀಕಾಕ್ಷರು. "ಹದಿನಾರಕ್ಕೆ ಐದು ನಿಮಿಷ ಕೊಡ್ತೇನೆ. ಆಗ್ಲೂ ಆಗದಿದ್ರೆ ಬರುವ ವರ್ಷ ವಿಜ್ಞಾನದ ಸುದ್ದಿಯೇ ಬೇಡ."

ಅವಳು ತಲೆಯಾಡಿಸಿದಳು. ಮುಂದಿನ ಭಾನುವಾರಗಳಲ್ಲಿ ಅವಳಿಗೆ ಕೆಲಸವಿರಲಿಲ್ಲ. ಆದರೂ ಒಮ್ಮೆ ಟೆರೇಸಿಗೆ ಹೋಗಿ ನೋಡಿದರೆ, ಲೋಟವೊಂದರ ಪಕ್ಕದಲ್ಲಿ ಸೀಮೆಸುಣ್ಣದ ಗೆರೆಗಳು. ಡ್ಯಾನ್ಸಿನ ನಡುವೆ ನೀರು ಕುಡಿಯುವ ನೆಪದಲ್ಲಿ ಓಡಿಬಂದು ಮಕ್ಕಳೇ ನೆರಳಿನ ಅಂಚಿಗೆ ಗೆರೆ ಎಳೆದಿದ್ದರು. ಪ್ರತಿ ವಾರದ ಗೆರೆಯೂ ಹಿಂದಿನದಕ್ಕಿಂತ ಲೋಟಕ್ಕೆ ಹತ್ತಿರ. ಲೋಲಾಕ್ಷಿಯ ಕಣ್ಣು ತುಂಬಿತು.

ಹದಿನಾರರಂದು ಟೆರೇಸಿನ ತುಂಬ ಜನ. ಜರಿ ಲಂಗದ ಮಕ್ಕಳು, ಸೀರೆಯ ಅಮ್ಮಂದಿರು. ಹನ್ನೆರಡೂಕಾಲಕ್ಕೆ ಮೋಡವೊಂದು ಬಂದು ಸೂರ್ಯನಿಗೆ ಅಡ್ಡ ಕೂತಿತು. ಪುಂಡರೀಕಾಕ್ಷರು ವಾಚು ನೋಡಿದರು. ಅಂತೂ ಹನ್ನೆರಡೂವರೆ ದಾಟುವಾಗ ಮೋಡ ಸರಿದು ಬಿಸಿಲು ಸುರಿಯಿತು.

ಲೋಟಗಳಿಗೆ ನೆರಳಿರಲಿಲ್ಲ. ನೀರಿನ ಟ್ಯಾಂಕಿಯ ಪೈಪಿಗಿಲ್ಲ, ಬಟ್ಟೆ ಒಣಗಿಸುವ ಕಂಬಕ್ಕಿಲ್ಲ. ಬೆಳಕಿನಲ್ಲಿ ಎಲ್ಲವೂ ಚಿತ್ರದಲ್ಲಿ ಅಂಟಿಸಿದ ಹಾಗೆ ನಿಂತಿದ್ದವು. ಅಷ್ಟು ದೂರದ ಬೆಂಕಿ ಲೆಕ್ಕ ತಪ್ಪದೆ ಬಂದು, ಈ ಹಳೆಯ ಬಿಲ್ಡಿಂಗಿನ ನೆತ್ತಿಯ ಮೇಲೆ ನೆಟ್ಟಗೆ ನಿಂತಿದೆಯಲ್ಲ ಎಂದು ಲೋಲಾಕ್ಷಿಗೇ ನಂಬಲಾಗಲಿಲ್ಲ, ಕೈ ತಾನಾಗಿ ಮುಗಿಯಿತು. ಮೊದಲು ತೃಷಾ ಜಿಗಿದಳು. ಅವಳ ನೆರಳು ಕಾಲಡಿಯಿಂದ ಇಣುಕಿ, ಇಳಿದೊಡನೆ ಮತ್ತೆ ಅಡಗಿತು. ಆಮೇಲೆ ಎಲ್ಲ ಮಕ್ಕಳೂ ಜಿಗಿದರು.

ಪುಂಡರೀಕಾಕ್ಷರು ಒಂದು ಕಾಲೆತ್ತಿ ಚಪ್ಪಲಿಯ ಕೆಳಗೆ ನೋಡುತ್ತಿದ್ದರು. "ಊರಿಂದ ಬಂದದ್ದು ಇದೇನಾ?" ಎಂದು ಮೆಲ್ಲಗೆ ಕೇಳಿದರು.

"ಇದೇ. ಇನ್ನೂ ಬಡಗಕ್ಕೆ ಹೋಗಿ, ಜುಲೈಯಲ್ಲಿ ಊರಿಗೆ ವಾಪಸಾಗುವಾಗ ಮತ್ತೆ ನಮ್ಮ ಮೇಲಿಂದಲೇ. ಮೋಡ ಇರ್ತದೆ, ನಮಗೆ ಕಾಣೂದಿಲ್ಲ ಅಷ್ಟೆ."

ಕೆಳಗೆ ಡ್ಯಾನ್ಸಿನ ಹಾಡು ಶುರುವಾಯಿತು. ಯಾರೋ ಮೆಟ್ಟಿಲಿಂದ ಕೂಗಿದರು. "ತಡೀರಿ ಸ್ವಲ್ಪ," ಎಂದರು ಪುಂಡರೀಕಾಕ್ಷರು, ತಲೆಯೆತ್ತದೆ. ಆಮೇಲೆ ಲೋಲಾಕ್ಷಿಗೆ, "ಬರುವ ವರ್ಷ ಎಷ್ಟು ಲೋಟ ಬೇಕು, ಮೊದಲೇ ಹೇಳಿ," ಎಂದರು.

ಅಷ್ಟರಲ್ಲಿ ತೃಷಾ ಅಜ್ಜಿಯ ಫೋನು ಕಸಿದುಕೊಂಡು ಉಡುಪಿಯ ಜಯಶೀಲಜ್ಜಿಗೆ ಹಚ್ಚಿದ್ದಳು. ಏದುಸಿರು ಬಿಡುತ್ತ, ಒಂದೊಂದೇ ಮಾತು ಹುಡುಕಿ, ಕನ್ನಡದಲ್ಲಿ ಹೇಳಿದಳು:

"ಅಜ್ಜೀ, ಸೂರ್ಯ ಮುಟ್ಟಿದ."