ಮುತ್ತಜ್ಜನಿಗೊಂದು ಎಡೆ

ಹೊಸಬರು ಸಿಕ್ಕರೆ ಊರು ಯಾವುದು, ಮನೆ ಎಲ್ಲಿ ಮಾಡಿದ್ದೀರಿ ಎಂದು ವಿಚಾರಿಸುವುದು ಲಂಡನ್ನಿನ ಕನ್ನಡಿಗರ ಸಂಪ್ರದಾಯ. ಕೆಂಟನ್ನಿನ ಮುರಿಗೆಪ್ಪನವರು ಮಾತ್ರ ಕೈ ಕುಲುಕಿ, ತಲೆಯನ್ನು ತುಸು ವಾರೆ ಮಾಡಿ, "ಅದೇನದ ಅಂದ್ರ, ನಿಮ್ಮ ಮುತ್ತಜ್ಜಾರು ಯಾವಾಗ ತೀರ್ಕೊಂಡ್ರು?" ಎಂದು ಕೇಳುತ್ತಿದ್ದರು. ಬೆಂಗಳೂರಿನಿಂದ ಆಗಷ್ಟೇ ಬಂದು ಕ್ಯಾನರಿ ವಾರ್ಫಿನಲ್ಲಿ ಕೆಲಸಕ್ಕೆ ಸೇರಿದ್ದ ಉದಯಶಂಕರ್, ಯುಗಾದಿಯ ಊಟದ ಸಾಲಿನಲ್ಲಿ ಈ ಪ್ರಶ್ನೆಗೆ ಸಿಕ್ಕಿಬಿದ್ದು, ಹೋಳಿಗೆಯ ತಟ್ಟೆ ಹಿಡಿದುಕೊಂಡೇ "ಗೊತ್ತಿಲ್ಲ ಸಾರ್" ಎಂದು ತಪ್ಪೊಪ್ಪಿಕೊಂಡವನಂತೆ ನಿಂತಿದ್ದ. ಮುರಿಗೆಪ್ಪನವರು ಅವನ ಬೆನ್ನು ಸವರಿದರು. "ನನಗೂ ಗೊತ್ತಿಲ್ಲಪಾ," ಎಂದರು.

ಹ್ಯಾರೋದ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದ ಈ ಬೆಳಗಾವಿ ಸೀಮೆಯ ಮನುಷ್ಯನ ನಡಿಗೆಯೇ ಒಂದು ಬಗೆ. ನಾಲ್ಕು ಹೆಜ್ಜೆ ಬೀಸಾಗಿ ಹಾಕಿ, ಏನೋ ಮರೆತವರಂತೆ ನಿಂತು, ಆಮೇಲೆ ಮುಂದುವರಿಯುವುದು. ನಮ್ಮ ಪಿನ್ನರಿನ ಚರ್ಚಿನ ಅಂಗಳದಲ್ಲಿ ಅವರ ಜೊತೆ ನಡೆಯುವುದೆಂದರೆ ಗೋರಿಗೊಂದು ನಿಲ್ದಾಣ. ಮೈಮೇಲೆ ಮೊಣಕಾಲು ಮುಚ್ಚುವ ಕಂದು ಕೋಟು, ಜುಲೈ ತಿಂಗಳಲ್ಲೂ. "ಸ್ಕಾಟ್ಲೆಂಡಿನ ಉಣ್ಣಿ ಕೋಟು ಇದು. ಅವರಿಗೆ ಇಂಥಾದೊಂದು ಸಿಕ್ಕಿತ್ತೋ ಇಲ್ಲೋ," ಎಂದು ಅದರ ತೋಳನ್ನು ನೇವರಿಸುತ್ತಿದ್ದರು. ಸೆಕೆಯಲ್ಲಿ ಬೆವರುತ್ತ ಯಾರದೋ ಚಳಿಗೆ ಮರುಗುವ ಈ ಮನುಷ್ಯನನ್ನು ಕಂಡರೆ ನನಗೆ ನಗುವೂ ಬರುತ್ತಿತ್ತು, ಕರುಳೂ ಚುರ್ ಎನ್ನುತ್ತಿತ್ತು.

'ಅವರು' ಎಂದರೆ ಮುತ್ತಜ್ಜ ಬಸಲಿಂಗಪ್ಪ. ಗೋಕಾಕದ ಕಡೆ ಸ್ಕಾಟ್ ಸಾಹೇಬನೊಬ್ಬನ ಕುದುರೆ ನೋಡಿಕೊಂಡಿದ್ದವನು, 1896ರಲ್ಲಿ ಸಾಹೇಬ ಸ್ವದೇಶಕ್ಕೆ ಹೊರಟಾಗ ತಾನೂ ಹಡಗು ಹತ್ತಿದ. ಆಮೇಲೆ ಸಾಹೇಬನೂ ಬರಲಿಲ್ಲ, ಬಸಲಿಂಗಪ್ಪನೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ತೊಟ್ಟಿಲ ಕೂಸಿನೊಡನೆ ಉಳಿದ ಹೆಂಡತಿ ಕಾಶವ್ವ ಹಣೆಯ ಕುಂಕುಮವನ್ನಾಗಲಿ ಕೈಯ ಹಸಿರು ಬಳೆಯನ್ನಾಗಲಿ ತೆಗೆಯಲಿಲ್ಲ. ಹಣ್ಣು ಮುದುಕಿಯಾಗಿ ತೀರಿಕೊಂಡಾಗ ಊರಿನ ಹೆಂಗಸರು ಆಕೆಗೆ ಉಡಿ ತುಂಬಿ, ಮುತ್ತೈದೆಯೆಂದೇ ಕಳಿಸಿಕೊಟ್ಟರು. ಸಾಯುವ ಮುಂಚೆ ಆಕೆ ಮರಿಮಗ ಮುರಿಗೆಪ್ಪನ ಕೈ ಹಿಡಿದು ಹೇಳಿದ್ದಳು: "ಸುದ್ದಿ ಬರೂತನಕ ಅವರಿಗೆ ಎಡಿ ಇಡಬ್ಯಾಡ್ರಿ. ಇದ್ದವರಿಗೆ ಎಡಿ ಇಡಬಾರದು."

ಹೀಗಾಗಿ ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆಲ್ಲ ಬಾಳೆಯೆಲೆಯ ಮೇಲೆ ಎಡೆ ಬೀಳುವಾಗ ಬಸಲಿಂಗಪ್ಪನೊಬ್ಬ ಉಪವಾಸ. ಸತ್ತವರ ಪಂಕ್ತಿಯಲ್ಲೂ ಇಲ್ಲ, ಇದ್ದವರ ಪಂಕ್ತಿಯಲ್ಲೂ ಇಲ್ಲ. ಮುರಿಗೆಪ್ಪನವರ ಹೆಂಡತಿ ವತ್ಸಲಾ, "ಅವರಿಗೀಗ ನೂರಾ ಮೂವತ್ತರ ಮ್ಯಾಲಾತು. ಇನ್ನೂ ಇದ್ದಾರಂತೀರೇನು?" ಎಂದು ಕೆಣಕಿದರೆ, "ಸುದ್ದಿ ಬಂದಿಲ್ಲಲ್ಲ," ಎಂದು ಇವರು ತಲೆ ತಗ್ಗಿಸುತ್ತಿದ್ದರು. ಹಸಿದವನಿಗೆ ಒಂದು ತುತ್ತು ಇಡಬೇಕು, ಕೊಟ್ಟ ಮಾತೂ ಉಳಿಯಬೇಕು. ಅದಕ್ಕೆ ಎಲ್ಲೋ ಬರೆದಿಟ್ಟ ಒಂದು ಸಾವು ಸಿಕ್ಕಬೇಕು.

ಇಸ್ಲಿಂಗ್‌ಟನ್ನಿನ ದಾಖಲೆ ಕಚೇರಿಯಲ್ಲಿ ಸ್ಕಾಟ್ಲೆಂಡಿನ ಹುಟ್ಟು ಸಾವುಗಳ ಸೂಚಿ ಕಂಪ್ಯೂಟರಿನಲ್ಲಿ ನೋಡಲು ಸಿಗುತ್ತಿತ್ತು. ವಾರಕ್ಕೊಮ್ಮೆ ಅಲ್ಲಿಗೆ ಇವರ ಯಾತ್ರೆ. ಮರಳುವಾಗ ಬೇಕರ್ಲೂ ಲೈನಿನ ತೂಗಾಟಕ್ಕೆ ಕಣ್ಣು ಹತ್ತಿ, ಕೆಂಟನ್ ದಾಟಿ ಕೊನೆಯ ನಿಲ್ದಾಣದಲ್ಲಿ ಖಾಲಿ ಡಬ್ಬಿಯೊಳಗೆ ಒಬ್ಬರೇ ಕೂತಿರುತ್ತಿದ್ದರು. ನಾನೊಮ್ಮೆ ಎಬ್ಬಿಸಿದೆ. ಕನಸಿನ ಮಂಜಿನಲ್ಲಿ ಯಾರೋ ಕುದುರೆಯ ಲಗಾಮು ಹಿಡಿದು ಮುಂದೆ ಮುಂದೆ ಹೋಗುತ್ತಿದ್ದರು, ಕರೆದರೆ ತಿರುಗಲಿಲ್ಲ ಎಂದರು. ಇಳಿಸಂಜೆಯ ಬೆಳಕು ಅವರ ಕೋಟಿನ ಮೇಲೆ ಬಿದ್ದಿತ್ತು. ಆ ಕುದುರೆಯ ಮೈಬಣ್ಣವೂ ಅದೇ ಇದ್ದಿರಬೇಕು ಎಂದು ನನಗೆ ಅನ್ನಿಸಿತು.

ವರ್ಷಗಟ್ಟಲೆ ಹುಡುಕಿದರೂ ಸಿಗದಿದ್ದುದಕ್ಕೆ ಕಾರಣ ಇಷ್ಟೆ: ಅವರು ಹುಡುಕಲು ಶುರುಮಾಡುತ್ತಿದ್ದುದೇ 1920ರಿಂದ. ಕಾಶವ್ವನಂಥ ಮುತ್ತೈದೆಯ ಗಂಡ ಹರೆಯದಲ್ಲಿ ಸಾಯುವುದುಂಟೇ? ಗಣಿತದ ಮೇಷ್ಟ್ರು ಕುಂಕುಮವನ್ನು ನಂಬಿ ಲೆಕ್ಕ ಹಾಕಿದ್ದರು. 2003ರಲ್ಲಿ ಅವರ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಓದಿ ಹೇಳಲು ಜೊತೆಗೆ ಹೋದ ವತ್ಸಲಾ, "ಸುರುವಿನಿಂದ ನೋಡೂದು ಬಿಟ್ಟು ನಡುವಿನಿಂದ ಯಾಕ?" ಎಂದವರೇ 1896ರಿಂದ ಹಿಡಿದರು. ಬಸಲಿಂಗಪ್ಪ ಅಲ್ಲೇ ಇದ್ದ. ಡಂಡೀ ಪಟ್ಟಣ, ವಯಸ್ಸು ಇಪ್ಪತ್ತಾರು, ಹಡಗು ಹತ್ತಿದ ವರ್ಷವೇ. ಪೂರ್ತಿ ದಾಖಲೆಯ ಪ್ರತಿ ಮನೆಗೆ ಬಂದದ್ದು ಒಂದು ಮಂಗಳವಾರ. ಸ್ಕಾಟ್ಲೆಂಡಿನವರು ಸತ್ತವನ ಹೆಂಡತಿಯ ಹೆಸರನ್ನೂ ಬರೆದಿಡುತ್ತಾರೆ. ಅಲ್ಲಿ ಕಾಶವ್ವನ ಹೆಸರಿತ್ತು. ಸಾಯುವವನು ಯಾರಿಗೋ ಆ ಹೆಸರು ಹೇಳಿಯೇ ಸತ್ತಿದ್ದ.

ಮರುದಿನ ನಾನು ಹೋದಾಗ ಮುರಿಗೆಪ್ಪನವರ ಮುಖದಲ್ಲಿ ಗೆಲುವಿರಲಿಲ್ಲ. "ಅದೇನದ ಅಂದ್ರ..." ಎಂದು ತೊಡಗಿ ದಾಖಲೆಯ ಪ್ರತಿಯನ್ನು ನನ್ನ ಕಡೆ ಸರಿಸಿದರು. "ಈಗ ಎಡಿ ಇಟ್ರ, ಕಾಶವ್ವ ಆಯಿ ಹಣಿ ಮ್ಯಾಲಿನ ಕುಂಕುಮ ನಾನ ಒರೆಸಿದಂಗ ಆಗತದ. ಅಷ್ಟು ವರ್ಷ ಆಕಿ ಇಲ್ಲದ ಗಂಡಗ ಹಚ್ಚಿಗೊಂಡಂಗ ಆತಲ್ಲ."

ಚಹಾ ಸೋಸುತ್ತಿದ್ದ ವತ್ಸಲಾ ತಲೆಯೆತ್ತದೆ ಹೇಳಿದರು: "ದೂರದ ಸಾವಿಗೆ ಸುದ್ದಿ ಕೇಳಿದ ದಿನಾನ ದಿನ ಅಂತ ಹಿಡೀತಾರಲ್ರಿ ನಮ್ಮ ಕಡೆ. ನಮಗ ಸುದ್ದಿ ಬಂದದ್ದು ನಿನ್ನೆ."

ಆ ವರ್ಷದ ಅಮಾವಾಸ್ಯೆಗೆ ಕೆಂಟನ್ನಿನ ಮನೆಯಲ್ಲಿ ಕಾಶವ್ವನ ಎಡೆ ಹಸಿರು ಬಳೆ, ಕುಂಕುಮಗಳೊಡನೆ ಮೊದಲು ಬಿತ್ತು. ಅದರ ಪಕ್ಕಕ್ಕೆ ಮುತ್ತಜ್ಜನದು. ಎಡೆಯ ಮುಂದೆ ಹಿರಿಯರಿಗೆ ಬಟ್ಟೆ ಇಡುವ ಜಾಗದಲ್ಲಿ ಆ ಕಂದು ಕೋಟು, ಮಡಿಸಿಟ್ಟದ್ದು. ಹಿರಿಯರ ಮುಂದಿಟ್ಟ ಬಟ್ಟೆಯನ್ನು ಆಮೇಲೆ ಮನೆಯವರೇ ತೊಡುವುದು ರೂಢಿಯಾದ್ದರಿಂದ ಮುರಿಗೆಪ್ಪನವರು ಅದನ್ನು ಈಗಲೂ ತೊಡುತ್ತಾರೆ, ಚಳಿ ಇದ್ದಾಗ ಮಾತ್ರ. ಹೊಸಬರು ಸಿಕ್ಕರೆ ಪ್ರಶ್ನೆ ಕೇಳುವುದಿಲ್ಲ, ತಾವೇ ಹೇಳುತ್ತಾರೆ: "ನಮ್ಮ ಮುತ್ತಜ್ಜಾರು ಕೆಂಟನ್ನಿನ್ಯಾಗ ತೀರ್ಕೊಂಡ್ರು, ಒಂದು ಮಂಗಳವಾರ. ಆಯಿ ಮೊದಲ ಹೋಗಿದ್ರು, ಮುತ್ತೈದಿ."

ಊರು ಬಿಟ್ಟು ಬಂದವರ ನಡುವೆ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಬದುಕಿದವರ ಫೋನ್ ನಂಬರು ಮರೆತರೂ ಸತ್ತವರ ಹಸಿವು ಮರೆಯದ ಇವರನ್ನು ಕಂಡು ನಾವು ಹಿಂದಿನಿಂದ ನಗುತ್ತೇವೆ. ಆದರೆ ಹೋದವರಿಗೆ ಇಂಥವರಲ್ಲದೆ ಇನ್ನಾರು ದಿಕ್ಕು? ಅವರು ಸುದ್ದಿಗಾಗಿ ಕಾಯುತ್ತಾರೆ. ಬಂದ ಮೇಲೆ ಅದನ್ನು ಯಾರ ಹಣೆಗೂ ತಾಗದ ಹಾಗೆ ಮೆಲ್ಲಗೆ ಮನೆಯೊಳಗೆ ತರುತ್ತಾರೆ.